ಕುಣಿಯ ಮೇಲೆ ಅಮೇರಿಕಾ

ನನ್ನ ಮಗ್ಗದ ಕುಣಿಯ ಮೇಲೆ ಅಮೇರಿಕಾ ಬಂದು ಕೂತಾಗ ಓಣಿಯ ಜನರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಆಗ ನನ್ನ ಕೈಯಲ್ಲಿ ಲಾಳಿ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದೆ.

ಅಮೇರಿಕಾ ಎಂದರೆ ದೇಶವಲ್ಲ, ಕಾರು. ಅದರ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದವಳು, ಗಂಡನ ಕಾರಿಗೇಕೆ ಆ ಮರ್ಯಾದೆ ಕೊಡಲಿ? ಹೆಸರು ಹೇಳದಿರುವುದು ಭಯಭಕ್ತಿಯಿಂದ ಎಂದು ಯಾರೂ ತಿಳಿಯಬೇಡಿ, ರೂಢಿ ಬಂದುಬಿಟ್ಟಿದೆ ಅಷ್ಟೆ. ಮದುವೆ, ಸೀಮಂತದ ಕುಬಸ, ಆರತಿ ಎಂದು ಹೆಂಗಸರು ಕೂಡಿದಾಗ ಮಾತ್ರ ಹಟ ಹಿಡಿದು ಒಡಪು ಹೇಳಿಸುತ್ತಾರೆ. ಆಗ ಪ್ರಾಸ ಕೂಡಿಸಿ, ಗಂಡನ ಗುಣ ಹೊಗಳಿ, ನಡುವೆ ಅವನ ಹೆಸರನ್ನು ಸೇರಿಸಿ ಹೇಳಿಬಿಡಬೇಕು. ಒಡಪಿನಲ್ಲಿ ಕೆಟ್ಟ ಗಂಡನಿಲ್ಲ. ನಮ್ಮ ಗಜೇಂದ್ರಗಡದ ಒಡಪುಗಳನ್ನು ಕೇಳಿದರೆ ಇಡೀ ಊರಲ್ಲಿ ಜಗಳಗಂಟ ಗಂಡಸೇ ಇಲ್ಲವೆಂದು ತಿಳಿಯಬೇಕು.

ಇವರದು ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ. ನೇಯುವವಳು ನಾನು, ಮಾರುವವರು ಅವರು. ಹಿಂಗೇ ಚೆನ್ನಾಗಿ ನಡೆದಿತ್ತು. ಒಂದು ದಿನ ಗದಗಿನ ಕಡೆ ಯಾವುದೋ ಹತ್ತಿ ಗಿರಣಿಯ ಪಾಳು ಶೆಡ್ಡಿನಲ್ಲಿ ಈ ಕಾರು ಇವರ ಕಣ್ಣಿಗೆ ಬಿತ್ತು. ಅದರೊಳಗೆ ಆಡುಗಳು ಮಲಗುತ್ತಿದ್ದವಂತೆ. ಆಡುಗಳನ್ನು ಎಬ್ಬಿಸಿ ಕಾರನ್ನು ಲಾರಿಗೆ ಹಾಕಿ ತಂದರು. ದಾಳಿಂಬ ಕೆಂಪಿನ ಬಣ್ಣ, ಹಿಂದೆ ಮೀನಿನ ರೆಕ್ಕೆಯಂಥ ಎರಡು ರೆಕ್ಕೆ, ಮುಂದೆ ಹಲ್ಲು ಕಿರಿದಂತೆ ಕಾಣುವ ಕ್ರೋಮು. ಸ್ಟೇರಿಂಗು ಎಡಗಡೆ. ಉದ್ದ ಎಷ್ಟೆಂದರೆ ಮೂತಿ ನಮ್ಮ ಮನೆಯ ಮುಂದೆ ಇದ್ದರೆ ಬಾಲ ಪಕ್ಕದ ಖಾಜಾಬಿಯ ಬಾಗಿಲಲ್ಲಿ ಇರುತ್ತಿತ್ತು.

ಕುಣಿ ಮಗ್ಗವೆಂದರೆ ಗೊತ್ತಲ್ಲ, ನೆಲದಲ್ಲಿ ಗುಂಡಿ ಅಗೆದು, ಅದರ ಅಂಚಿನ ಮೇಲೆ ಕೂತು, ಕಾಲು ಕೆಳಗೆ ಇಳಿಬಿಟ್ಟು ತುಳಿಮಣೆ ತುಳಿಯುತ್ತ ನೇಯುವುದು. ಈ ಕುಣಿಯನ್ನು ನಮ್ಮ ಅತ್ತೆ ಶಂಕ್ರವ್ವ ಸೊಸೆಯಾಗಿ ಬಂದ ವರ್ಷ ಅಗೆಸಿದ್ದು. ಅವರ ಕಾಲು ಸೋತ ಮೇಲೆ ನನ್ನ ಕಾಲು ಅದರಲ್ಲಿ ಇಳಿಯಿತು. ಇವರು ಒಂದು ಬೆಳಿಗ್ಗೆ ನನ್ನ ಮಗ್ಗವನ್ನು ನೋಡಲಿಲ್ಲ, ಅದರ ಕೆಳಗಿನ ಕುಣಿಯನ್ನು ನೋಡಿದರು.

"ಗ್ಯಾರೇಜಿನವರು ಗಾಡಿ ಕೆಳಗ ಇಳಿಯಾಕ ಇಂಥಾ ಕುಣಿ ಕಟ್ಟಸಾಕ ಪರದಾಡ್ತಾರ. ನಮ್ಮ ಮನ್ಯಾಗ ರೆಡಿಮೇಡ ಐತಿ!" ಎಂದರು.

ಬೀದಿ ಕಡೆಯ ಗೋಡೆ ಒಡೆದರು, ಶಟರ್ ಹಾಕಿಸಿದರು, ನನ್ನ ಮಗ್ಗ ಬಿಚ್ಚಿ ಕಟ್ಟಿಗೆಯನ್ನೆಲ್ಲ ಹಿತ್ತಲಿನ ಗೋಡೆಗೆ ಒರಗಿಸಿದರು. ಫಿಟ್ಟರ್ ಇಮಾಮಸಾಬ ಕುಣಿಯೊಳಗೆ ಕುಕ್ಕರಗಾಲಲ್ಲಿ ಕೂತು ಮೇಲೆ ನೋಡುತ್ತ, "ಅಕ್ಕಾರ, ಜಾಗಾ ಭಾಳ ಚಲೋ ಐತ್ರಿ" ಎಂದು ನನಗೇ ಹೇಳಿದ.

"ನನ್ನ ಕುಣಿ ಯಾವಾಗ ಬಿಡತೀರಿ?" ಎಂದು ಕೇಳಿದೆ.

"ಒಮ್ಮೆ ಚಾಲೂ ಆಗಲಿ ತಡಿ. ಚಾಲೂ ಆದ ಮ್ಯಾಲೆ ಅದು ಯಾಕ ಮನ್ಯಾಗ ಇರತೈತಿ?"

ಅದು ಚಾಲೂ ಆಗಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು, ಕುಣಿಯಲ್ಲಿ ಎಣ್ಣೆ ತೊಟ್ಟಿಕ್ಕಿ ಮಣ್ಣು ಕಪ್ಪಾಯಿತು. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಊಟಕ್ಕೆ ಕೂತಾಗಲೂ ನನ್ನ ಕಾಲುಗಳು ತಾವಾಗಿಯೇ ಒಂದಾದ ಮೇಲೊಂದು ತುಳಿಯುತ್ತಿದ್ದವು. ನನಗೆ ಬೇಕಾದದ್ದು ಬಂಗಾರವಲ್ಲ, ತೀರ್ಥಯಾತ್ರೆಯಲ್ಲ, ಆ ಗುಂಡಿ.

ಇವರ ಗೆಳೆಯ ಭೀಮೇಶ ಅಸೂಟಿ ಎಂಬ ಊರಿನವರು, ಒಕ್ಕಲುತನದ ಮನೆ. ರೋಣದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ವಿಷಯದಲ್ಲಿ ನಪಾಸಾದವರು. ಇವರು ಅಮೇರಿಕಾ ತಂದದ್ದೇ ತಡ, ಭೀಮೇಶರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಗೋವಾಕ್ಕೆ ಹೋಗಿ ಜಪಾನದ ಹಳೆಯ ಕಾರೊಂದನ್ನು ಹಿಡಿದು ತಂದರು. ಸಣ್ಣದು, ಚೌಕಾದ ಮೂತಿಯದು, ತಿಳಿ ಬೂದಿ ಬಣ್ಣದ್ದು. ಭೀಮೇಶ ಆಳು ಎತ್ತರ. ಅದರಲ್ಲಿ ಕೂತರೆ ಮೊಣಕಾಲು ಕಿವಿಗೆ ಬರುತ್ತಿದ್ದವು.

ರವಿವಾರ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಎರಡೂ ದೇಶಗಳ ನಡುವೆ ಯುದ್ಧ. ಚಹಾ ಮಾಡಿ ಕೊಡುವವಳು ನಾನಾದ್ದರಿಂದ ಎರಡರ ಗುಣ ಅವಗುಣವೂ ನನಗೆ ಬಾಯಿಪಾಠ.

"ನಿನ್ನ ಜಪಾನ ಅಂದ್ರ ಟಿಫಿನ್ ಡಬ್ಬಿ," ಎಂದು ಇವರು ಶುರು ಮಾಡುವರು. "ಬಾಗಲಾ ಹಾಕಿದ್ರ ಮುಚ್ಚಳಾ ಹಾಕಿದಂಗ ಸಪ್ಪಳ ಬರತೈತಿ. ನನ್ನ ಅಮೇರಿಕಾದ ಬಾಗಲಾ ಹಾಕಿ ನೋಡು, ಬ್ಯಾಂಕಿನ ತಿಜೋರಿ ಹಾಕಿದಂಗ."

"ನಿನ್ನ ತಿಜೋರಿ ನಿಂತಲ್ಲೇ ನಿಂತೈತಿ. ನನ್ನ ಡಬ್ಬಿ ಅಸೂಟಿಯಿಂದ ಇಲ್ಲೀತನಕಾ ಓಡಿ ಬಂದೈತಿ."

"ಓಡಾಕ ಬಸ್ ಇಲ್ಲೇನೋ ಹುಚ್ಚಾ? ಸಂಗ್ರಹ ಮಾಡಾವ್ರು ಓಡೂದು ನೋಡೂದಿಲ್ಲ. ಕ್ರೋಮು ನೋಡ್ತಾರ, ರೆಕ್ಕಿ ನೋಡ್ತಾರ, ಠೀವಿ ನೋಡ್ತಾರ."

"ಆ ಕಾಲ ಮುಗೀತು. ಈಗ ಜಗತ್ತಿನಾಗ ಜಪಾನದ ಹಳೇ ಗಾಡಿ ಹಿಂದ ಬಿದ್ದಾರ ಮಂದಿ. ಹಳೇವು ತುಕ್ಕ ಹಿಡದು ಕರಗಿ ಹೋಗ್ಯಾವ, ಉಳಿದಾವ ಸಿಗೂದಿಲ್ಲ. ಮೊಬೈಲಿನ್ಯಾಗ ನೋಡು."

"ಕರಗಿ ಹೋಗ್ಯಾವ ಅಂತ ನೀನs ಹೇಳ್ತಿ. ಅಷ್ಟ ತೆಳ್ಳಗಿನ ತಗಡು ಅಂದಂಗಾತು."

ಆಗ ಭೀಮೇಶ ತಮ್ಮ ಬ್ರಹ್ಮಾಸ್ತ್ರ ತೆಗೆಯುವರು. ಹೊಳೆಮಣ್ಣೂರಿನ ಹತ್ತಿರ ಮಲಪ್ರಭೆಯ ನೀರು ರಸ್ತೆಗೆ ಬಂದಾಗ ಜಪಾನ ಸೀಟಿನ ತನಕ ಮುಳುಗಿತ್ತಂತೆ. ಎಳೆದು ತಂದು, ನಾಲ್ಕೂ ಬಾಗಿಲು ತೆಗೆದು, ಹಪ್ಪಳ ಒಣಗಿಸಿದಂತೆ ಬಿಸಿಲಿಗೆ ಹಾಕಿದರೆ ಕೀಲಿ ತಿರುವಿದ ಕೂಡಲೇ ಚಾಲೂ ಆಯಿತಂತೆ. ಈ ಕಥೆಯಲ್ಲಿ ನೀರು ಪ್ರತಿ ರವಿವಾರ ಸ್ವಲ್ಪ ಏರುತ್ತಿತ್ತು. ಕೊನೆಗೆ ಜಪಾನದ ಮೇಲೆ ಮೀನು ಹಾದುಹೋಗುವ ತನಕ ಬಂತು.

ಇವರಿಗೂ ಒಂದು ಕಥೆ ಬೇಕಲ್ಲ. ನರಗುಂದದ ಮದುವೆಯೊಂದಕ್ಕೆ ಅಮೇರಿಕಾವನ್ನು ಮೆರವಣಿಗೆಗೆ ಕೇಳಿದ್ದರು. ಕಾರು ಲಾರಿಯ ಮೇಲೆ ಹೋಯಿತು, ಲಾರಿಯ ಮೇಲಿದ್ದ ಕಾರಿನಲ್ಲಿ ಮದುಮಗ ಕೂತ, ಕೆಳಗೆ ಬ್ಯಾಂಡಿನವರು ಕತ್ತು ಎತ್ತಿ ಊದಿದರು. ಇವರು ಅದನ್ನೇ "ನರಗುಂದಕ್ಕ ಹೋಗಿ ಬಂದ ಗಾಡಿ" ಎಂದು ಹೇಳಿಕೊಂಡು ತಿರುಗಿದರು. ನಾನು ಕಂಡಂತೆ ಅಮೇರಿಕಾ ನಿಂತರೆ ಓಡುವುದಿಲ್ಲ, ಜಪಾನ ಓಡಿದರೆ ನಿಲ್ಲುವುದಿಲ್ಲ. ಅದರ ಬ್ರೇಕು ಖಾಜಾಬಿಯ ಕಟ್ಟೆಯೇ.

ಹೀಗಿರುವಾಗ ಹುಬ್ಬಳ್ಳಿಯಿಂದ ಫೋನು ಬಂತು. ಶರತ ಎಂಬವರು, ಹಳೆಯ ಕಾರು ಕೂಡಿಹಾಕುವುದೇ ಅವರ ಹವ್ಯಾಸ, ದೊಡ್ಡ ಶೆಡ್ಡಿದೆಯಂತೆ. ಶೆಡ್ಡಿನಲ್ಲಿ ಒಂದೇ ಕಾರಿನ ಜಾಗ ಉಳಿದಿದೆ, ನಿಮ್ಮಿಬ್ಬರ ಕಾರುಗಳ ಸುದ್ದಿ ಕೇಳಿದ್ದೇನೆ, ಬಂದು ನೋಡಿ ಒಂದನ್ನು ಆರಿಸುತ್ತೇನೆ ಎಂದರು. ಇವರು ಫೋನನ್ನು ಸ್ಪೀಕರಿಗೆ ಹಾಕಿದ್ದರು. ಭೀಮೇಶರೂ ಚಹಾದ ಬಸಿ ಹಿಡಿದು ಕೇಳುತ್ತಿದ್ದರು.

"ಒಂದೇ ಮಾತು ಸರ್," ಎಂದಿತು ಫೋನು. "ಮ್ಯಾಚಿಂಗ್ ನಂಬರ್ ಇರಬೇಕು. ಮ್ಯಾಚಿಂಗ್ ನಂಬರ್ ಇಲ್ಲ ಅಂದ್ರ ಅಮೇರಿಕಾ ಇರಲಿ, ಜಪಾನ್ ಇರಲಿ, ನಾನು ಮುಟ್ಟೂದಿಲ್ಲ."

ಅಷ್ಟರಲ್ಲಿ ಸಿಗ್ನಲ್ ಹೋಯಿತು. ಇವರು ಫೋನನ್ನು ಎದೆಗೆ ಒತ್ತಿಕೊಂಡು ನಕ್ಕರು.

"ಮ್ಯಾಚಿಂಗ್ ನಂಬರ್! ಇದನ್ನ ನನಗ ಹೇಳ್ತಾನ!"

ಸೀರೆ ಅಂಗಡಿಯವರಿಗೆ ಮ್ಯಾಚಿಂಗ್ ಎಂದರೆ ಏನು? ಸೀರೆಗೆ ಕುಬಸ, ಕುಬಸಕ್ಕೆ ದಾರ. ನಂಬರ್ ಎಂದರೆ ನೂಲಿನ ಬಣ್ಣದ ನಂಬರ್. ನೂಲಿನ ವ್ಯಾಪಾರಿಗಳು ಬಣ್ಣಬಣ್ಣದ ಎಳೆ ಅಂಟಿಸಿ, ಪ್ರತಿಯೊಂದಕ್ಕೂ ನಂಬರ್ ಕೊಟ್ಟು ಒಂದು ಶೇಡ್ ಕಾರ್ಡು ಮಾಡಿರುತ್ತಾರೆ. ಇವರು ಓಡಿಹೋಗಿ ಅಂಗಡಿಯಿಂದ ಅದನ್ನು ತಂದು ಕಾರಿನ ಮೈಗೆ ಹಿಡಿದು ಹಿಡಿದು ನೋಡಿದರು.

ನನಗೆ ಅನುಮಾನ ಬಂತು. "ಅದು ಇಂಜಿನ್ ಮ್ಯಾಲಿನ ನಂಬರ್ ಇರಬೇಕ್ರಿ," ಎಂದೆ. "ನಿಮ್ಮ ಬೈಕಿನ ಕಾಗದದಾಗ ಎರಡು ನಂಬರ್ ಇರತಾವಲ್ಲ, ಇಂಜಿನ್‍ದೊಂದು, ಚಾಸಿದೊಂದು. ಅವು ಕೂಡಬೇಕು ಅಂತಿರಬೇಕು."

ಇಬ್ಬರೂ ನನ್ನನ್ನು ನೋಡಿ ಕನಿಕರಪಟ್ಟರು.

"ಹೆಣ್ಮಕ್ಕಳಿಗೆ ಮೋಟಾರಿನ ವಿಷಯ ತಿಳಿಯೂದಿಲ್ಲ," ಎಂದರು ಇವರು. "ಮ್ಯಾಚಿಂಗ್ ಅಂದ್ರ ಏನಂತ ನನಗ ಕಲಸಾಕ ಬರಬ್ಯಾಡ. ಹುಟ್ಟಿದಾಗಿಂದ ಮ್ಯಾಚಿಂಗ್ ಮಾಡಾಕತ್ತೇನಿ."

ಒಂದು ಸಲ ಹೇಳುತ್ತೇನೆ, ಎರಡನೆಯ ಸಲ ಹೇಳುವ ಸ್ವಭಾವ ನನ್ನದಲ್ಲ. ಅದೂ ಕೇಳದ ಕಿವಿಗೆ!

ಕಾರಿನ ಸೀಟು ಹಳೆಯ ತೊಗಲಿನದು, ಕಂದು ಬಣ್ಣ. ಅಮೇರಿಕಾದಲ್ಲಿ ಹೊಲಿದದ್ದು ಹಾಗೇ ಇತ್ತು, ಆಡುಗಳು ಮಲಗಿದರೂ ಹರಿದಿರಲಿಲ್ಲ. ಮೈ ದಾಳಿಂಬ ಕೆಂಪು, ಸೀಟು ಕಂದು, ಇದೆಂಥ ಮ್ಯಾಚಿಂಗು ಎಂದು ಇವರು ತೊಗಲನ್ನೆಲ್ಲ ಕಿತ್ತು ತಿಪ್ಪೆಗೆ ಹಾಕಿಸಿದರು. ಆಮೇಲೆ ಕಾರ್ಡಿನಲ್ಲಿ ಸಿಕ್ಕ ನಂಬರಿನ ಬಟ್ಟೆ ಹುಡುಕಿದರೆ ಗಜೇಂದ್ರಗಡದಲ್ಲಿ ಇಲ್ಲ, ಇಳಕಲ್ಲಿನಲ್ಲಿ ಇಲ್ಲ. ಆ ಬಣ್ಣದ ನೂಲು ಮಾತ್ರ ಇತ್ತು. ಎರಡು ದಿನ ಮುಖ ಹುಳ್ಳಗೆ ಮಾಡಿಕೊಂಡು ಓಡಾಡಿ, ಮೂರನೆಯ ದಿನ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಒಂದಿಷ್ಟು ನೇಯ್ದು ಕೊಡತೀಯೇನು? ಸೀರಿಗಿದ್ದಂಗ ದಡಿ ಹಚ್ಚಿ?"

"ಕೊಡತೀನಿ," ಎಂದೆ. "ಎಲ್ಲಿ ಕುಂತು ನೇಯಲಿ?"

ಇವರು ಕುಣಿಯ ಕಡೆ ನೋಡಿದರು, ಅಮೇರಿಕಾದ ಕಡೆ ನೋಡಿದರು, ಕೊನೆಗೆ ನೆಲ ನೋಡಿದರು. ಅದೇ ಸಂಜೆ ಓಣಿಯ ಗಂಡಸರು ಕೂಡಿ ಅಮೇರಿಕಾವನ್ನು ಅಂಗಳಕ್ಕೆ ದೂಡಿದರು. ನಾನು ಕುಣಿಗೆ ಇಳಿದು ಎಣ್ಣೆ ಹತ್ತಿದ ಮಣ್ಣು ಕೆರೆದು ತೆಗೆದು, ಸಗಣಿಯಿಂದ ಸಾರಿಸಿದೆ. ಮಗ್ಗ ಮತ್ತೆ ಎದ್ದಿತು. ಮೊದಲ ಸಲ ತುಳಿಮಣೆಯ ಮೇಲೆ ಕಾಲಿಟ್ಟಾಗ ನೂಲು ಇನ್ನೂ ಏರಿಸಿರದಿದ್ದರೂ ಖುಷಿಗೆ ಬರಿದೇ ನಾಲ್ಕು ಸಲ ತುಳಿದೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಹಾಸನ್ನು, ಎಂದರೆ ಉದ್ದೆಳೆಯ ನೂಲನ್ನು, ಉದ್ದಕ್ಕೆ ಹಾಕಿದೆ. ಸೀಟಿಗೆ ಬೇಕಾದದ್ದಕ್ಕಿಂತ ಭಾಳ ಉದ್ದ. ಮಗ್ಗಕ್ಕೆ ಒಮ್ಮೆ ಹಾಸು ಏರಿತೆಂದರೆ ನೇಯ್ದು ಮುಗಿಯುವ ತನಕ ಅದನ್ನು ಕತ್ತರಿಸುವವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಇವರಿಗೂ ಅದು ಗೊತ್ತಿತ್ತು, ಆದರೆ ಆಗ ಅವರ ಕಣ್ಣಿಗೆ ಬಣ್ಣ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಸುದ್ದಿ ಅಸೂಟಿಗೆ ಮುಟ್ಟಿತು. ಭೀಮೇಶರ ಹೆಂಡತಿ ಪುಷ್ಪಾವತಿ ಫೋನು ಮಾಡಿ, "ಅನ್ನಪೂರ್ಣಕ್ಕಾ, ನಮ್ಮವರಿಗೂ ಮ್ಯಾಚಿಂಗ್ ಬೇಕಂತ. ಬೂದಿ ಬಣ್ಣ ಅಪಶಕುನ ಅಂತ ಗಾಡಿಗೇ ಗಿಳಿಹಸರ ಬಣ್ಣಾ ಹೊಡಸಾಕತ್ತಾರ. ನಾ ಹೇಳಿದ್ರ ಕೇಳವಲ್ರು," ಎಂದಳು. ಅವಳಿಗೂ ಒಂದು ಸಲ ಹೇಳಿ ಸುಮ್ಮನಾಗುವ ಅಭ್ಯಾಸವಿತ್ತು. ಅಡ್ಡೆಳೆಗೆ ಗಿಳಿಹಸಿರು ಹೊಕ್ಕು ಹಾಕಿ ಜಪಾನಕ್ಕೂ ನೇಯ್ದು ಕೊಟ್ಟೆ. ನನಗೆ ಎರಡೂ ದೇಶಗಳ ಜೊತೆ ವೈರವಿಲ್ಲ.

ಶರತ ಬಂದ ದಿನ ಅಂಗಳದಲ್ಲಿ ಎರಡೂ ಕಾರು ನಿಂತಿದ್ದವು. ಅಮೇರಿಕಾ ದಾಳಿಂಬ ಕೆಂಪಿನ ದಡಿ ಸೀಟು ತೊಟ್ಟಿತ್ತು. ಜಪಾನ ಒಳಗೂ ಹಸಿರು, ಹೊರಗೂ ಹಸಿರು. ಶರತ ಕನ್ನಡಕ ಹಾಕಿದ ಸಣ್ಣ ಆಸಾಮಿ. ಬಂದವರೇ ಯಾರ ಮುಖವನ್ನೂ ನೋಡದೆ ಅಮೇರಿಕಾದ ಬಾನೆಟ್ಟು ಎತ್ತಿ ಟಾರ್ಚ್ ಬಿಟ್ಟರು.

"ಮ್ಯಾಚಿಂಗ್ ನಂಬರ್?" ಎಂದು ಕೇಳಿದರು.

ಇವರು ಈ ಘಳಿಗೆಗೇ ಕಾದಿದ್ದರು. ಶೇಡ್ ಕಾರ್ಡನ್ನು ಬಿಡಿಸಿ, ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಬಟ್ಟೆಯ ತುಂಡನ್ನೂ ಹಿಡಿದು ಕಾರಿನ ಮೈಗೆ ಒತ್ತಿದರು.

"ನೋಡ್ರಿ ಸಾಹೇಬ್ರ, ಮೈ, ಸೀಟು, ದಾರ, ಮೂರೂ ಒಂದೇ ನಂಬರ್. ಬಿಸಲಾಗ ಹಿಡದ ನೋಡ್ರಿ, ಒಂದು ಎಳಿ ಫರಕ ಇಲ್ಲ."

ಶರತ ಕಾರ್ಡನ್ನು ನೋಡಿದರು. ಕಾರಿನೊಳಗೆ ಇಣುಕಿದರು. ಅವರ ಕೈಯಲ್ಲಿದ್ದ ಟಾರ್ಚ್ ಹಗಲಿನಲ್ಲಿ ಉರಿಯುತ್ತಲೇ ಇತ್ತು.

"ಇದರ ಲೆದರ್ ಎಲ್ಲಿ?"

"ತಿಪ್ಪಿಗೆ ಹಾಕಿದ್ವಿರಿ. ಮ್ಯಾಚಿಂಗ್ ಆಗತಿರಲಿಲ್ಲ."

ಶರತ ಕಾರಿನ ರೆಕ್ಕೆ ಹಿಡಿದುಕೊಂಡು ನಿಂತರು. ಆಮೇಲೆ ತಿಳಿಸಿ ಹೇಳಿದರು. ಕಾರಖಾನೆಯಿಂದ ಹೊರಬೀಳುವಾಗ ಇಂಜಿನ್ನಿಗೂ ಚಾಸಿಗೂ ಹೊಡೆದ ನಂಬರುಗಳು ಒಂದಕ್ಕೊಂದು ಕೂಡಬೇಕು, ಅದೇ ಮ್ಯಾಚಿಂಗ್ ನಂಬರ್, ಕಾರು ಹುಟ್ಟಿದಾಗಿನ ಇಂಜಿನ್ನೇ ಅದರಲ್ಲಿದೆ ಎಂಬುದಕ್ಕೆ ಸಾಕ್ಷಿ. ನಾನು ಮಗ್ಗದಲ್ಲಿ ಕೂತು ಕೇಳಿಸಿಕೊಂಡೆ. ಇವರು ನನ್ನ ಕಡೆ ತಿರುಗಲಿಲ್ಲ. ನಾನೂ ಕೆಮ್ಮಲಿಲ್ಲ.

"ನಿಮ್ಮ ಇದರಾಗ ಇರೋದು ಲಾರಿ ಇಂಜಿನ್," ಎಂದರು ಶರತ. "ಯಾವಾಗೋ ಯಾರೋ ಬದಲು ಮಾಡ್ಯಾರ."

ಭೀಮೇಶರ ಮುಖ ಅರಳಿತು. ಶರತ ಜಪಾನದ ಬಾನೆಟ್ಟು ಎತ್ತಿದರು, ಒರೆಸಿ ಓದಿದರು, ಕೆಳಗೆ ಬಗ್ಗಿ ಓದಿದರು, ಎರಡು ಸಲ ಓದಿದರು. ಎದ್ದು ನಿಂತಾಗ ಪಾಪ, ಅವರ ಕಣ್ಣು ತುಂಬಿತ್ತು.

"ಇದು ಕೂಡತದ," ಎಂದರು. "ಪೂರಾ ಕೂಡತದ. ಇಂಥಾದ್ದು ನಾನು ಎಷ್ಟೋ ವರ್ಷದಿಂದ ಹುಡುಕಾಕತ್ತೀನಿ. ಇದರ ಒರಿಜಿನಲ್ ಬಣ್ಣ ಯಾವುದಿತ್ತು?"

"ಬೂದಿರಿ. ಹೋದ ವಾರ ಕೆರೆಸಿ ತೆಗಿಸಿದೆ," ಎಂದರು ಭೀಮೇಶ, ಇನ್ನೂ ನಗುತ್ತಲೇ.

"ಹುಟ್ಟಿದಾಗಿನ ಬಣ್ಣಾನ ಹೋದ ಮ್ಯಾಲೆ ನನಗ ಬ್ಯಾಡ," ಎಂದು ಶರತ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು. ಚಹಾ ಕುಡಿಯದೆ ಹೊರಟುಹೋದರು. ಹೋಗುವಾಗ ಆ ಗಿಳಿಹಸಿರನ್ನು ನೋಡಬಾರದೆಂದೋ ಏನೋ ಖಾಜಾಬಿಯ ಕಟ್ಟೆಯ ಕಡೆಯಿಂದ ಸುತ್ತು ಹಾಕಿ ಹೋದರು.

ಇನ್ನು ಯಾರಾದರೂ ಆಗಿದ್ದರೆ ಎರಡು ದಿನ ಹೊರಗೆ ಮುಖ ತೋರಿಸುತ್ತಿರಲಿಲ್ಲ. ನಮ್ಮವರು ಆ ಜಾತಿಯವರಲ್ಲ. ಅಂಗಳದ ಕಟ್ಟೆಯ ಮೇಲೆ ಕೂತು ಇಬ್ಬರೂ ಮತ್ತೆ ಅಮೇರಿಕಾ ಮೇಲೋ ಜಪಾನ ಮೇಲೋ ಎಂದು ಕಿತ್ತಾಡಿದರು. ಭೀಮೇಶ "ನಂಬರ್ ಕೂಡಿದ್ದು ನಂದು" ಎಂದು ಎದೆ ತಟ್ಟಿಕೊಂಡು ಪುಷ್ಪಾವತಿಗೆ ಸುದ್ದಿ ಹೇಳಲು ಗಿಳಿಹಸಿರು ಕಾರಿನಲ್ಲಿ ಅಸೂಟಿಗೆ ಹೋದರು. ಇವರು ಮಾತ್ರ ಗದ್ದಕ್ಕೆ ಕೈ ಹಚ್ಚಿ ಕೂತರು. ಎದ್ದವರೇ ಇಮಾಮಸಾಬನನ್ನು ಕರೆದರು.

"ನಂಬರ್ ತಾನ? ಲಾರಿ ಇಂಜಿನ್ ಮ್ಯಾಲೆ ಚಾಸಿಗೆ ಕೂಡೂ ನಂಬರ್ ನಾವs ಹೊಡದ್ರಾತು. ಗಾಡಿ ಕುಣಿ ಮ್ಯಾಲೆ ತಗೋ."

ಮಗ್ಗದ ಮೇಲೆ ಹಾಸು ಇತ್ತು, ಅರ್ಧ ನೇಯ್ದ ಸೀರೆ ಇತ್ತು, ಕುಣಿಯಲ್ಲಿ ನನ್ನ ಕಾಲಿತ್ತು. ಇವರು ಓಣಿಯ ಗಂಡಸರನ್ನೆಲ್ಲ ಕೂಡಿಸಿದರು. ನೋಡಲೆಂದು ಹೆಂಗಸರೂ ಬಂದರು, ಖಾಜಾಬಿ ಬಂದಳು, ಎದುರುಮನೆಯ ಮದರಬಿ ಬಂದಳು. ಗಂಡಸರು ಅಮೇರಿಕಾದ ಬಾಲಕ್ಕೆ ಕೈ ಹಚ್ಚಿ ನಿಂತರು. ಅದರ ಕ್ರೋಮಿನ ಹಲ್ಲು ನನ್ನ ಮಗ್ಗದ ಎದುರಿಗೇ ಬಂತು.

"ಏಳು," ಎಂದರು ಇವರು. "ಹಾಸು ಆಮ್ಯಾಲೆ ನೋಡೂಣು. ಲಗೂ ಏಳು."

ನಾನು ಏಳಲಿಲ್ಲ. ಜಗಳ ಮಾಡಿದರೆ ಇಷ್ಟು ಜನರ ಮುಂದೆ ಅವರು ಸೋಲುವವರಲ್ಲ ಎಂದು ನನಗೆ ಗೊತ್ತಿತ್ತು. ಅತ್ತರೆ ಇನ್ನೂ ಕೆಟ್ಟದ್ದು. ಏನು ಮಾಡಲಿ ಎಂದು ಲಾಳಿಯನ್ನು ಬಿಗಿ ಹಿಡಿದು ಕೂತಿದ್ದಾಗ ಒಳಗಿನಿಂದ ನಮ್ಮ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಅವರಿಗೆ ಕಣ್ಣು ಮಂಜು, ಕಿವಿ ಮಂದ. ಮಗ್ಗದ ಸುತ್ತ ಹೆಂಗಸರು ನಿಂತದ್ದು ಕಂಡಿತು, ಗದ್ದಲ ಸ್ವಲ್ಪ ಕೇಳಿಸಿತು. ಏನೋ ಕಾರ್ಯಕ್ರಮ ನಡೆದಿದೆ ಎಂದು ತಿಳಿದರು.

"ಯವ್ವಾ, ಇಷ್ಟ ಮಂದಿ ಕೂಡೀರಿ, ಸೊಸಿ ಹೊಸ ಹಾಸು ಹಾಕ್ಯಾಳ. ಹಂಗs ಬಿಡತೀರೇನು? ಒಡಪ ಹೇಳಸ್ರೆ ಅಕೀ ಕಡಿಂದ!" ಎಂದರು.

ಖಾಜಾಬಿ ಕಿಸಕ್ಕನೆ ನಕ್ಕಳು. "ಹೌದs ಹೌದು, ಹೆಸರ ಹೇಳದ ಏಳೂ ಹಂಗಿಲ್ಲ!" ಎಂದಳು. ಹೆಂಗಸರೆಲ್ಲ ಅದೇ ಹಿಡಿದರು. ಗಂಡಸರೂ ಕಾರು ಬಿಟ್ಟು ಮುಂದೆ ಬಂದರು. ಹೆಂಡತಿ ಹೆಸರು ಹೇಳುತ್ತಾಳೆಂದರೆ ಯಾವ ಗಂಡಸು ಬೇಡ ಎನ್ನುತ್ತಾನೆ? ಇವರೂ ಅಂಗಿ ಸರಿಮಾಡಿಕೊಂಡು ಮೀಸೆಯ ಮೇಲೆ ಕೈಯಾಡಿಸಿ ನಿಂತರು.

ನಾನು ಸೆರಗು ಹೊದ್ದುಕೊಂಡು, ಎಲ್ಲರಿಗೂ ಕೇಳುವಂತೆ ದನಿ ಎತ್ತಿ ಹೇಳಿದೆ:

"ಅಂಗಳದಾಗ ಅಮೇರಿಕಾ, ಅಸೂಟ್ಯಾಗ ಜಪಾನ,
ಕುಣಿ ನನಗs ಬಿಟ್ಟುಕೊಟ್ಟು ಸಂಜೀವಕುಮಾರರು ಉಳಿಸ್ಯಾರ ಮನೀ ಮಾನ."

ಹೆಂಗಸರು ಹೋ ಎಂದರು. ಅತ್ತೆಗೆ ಮಾತ್ರ ಪೂರ್ತಿ ಕೇಳಿಸಲಿಲ್ಲ, ಮದರಬಿ ಅವರ ಕಿವಿಯಲ್ಲಿ ಒಂದೊಂದೇ ಶಬ್ದ ಕೂಗಿ ಹೇಳಿದಳು. ಕೇಳಿದವರೇ ಅತ್ತೆ ಮಗನ ಮುಖ ಹುಡುಕಿ, ಎರಡೂ ಕೈಯಿಂದ ನಿವಾಳಿಸಿ, ಬೆರಳು ಲಟಕ್ಕನೆ ಮುರಿದರು.

"ನಾ ಅಗಸಿದ ಕುಣಿ ಸೊಸಿಗೇ ಬಿಟ್ಟುಕೊಟ್ಟೆಪಾ? ಭಾಳ ಚಲೋ ಮಾಡಿದಿ, ನನ ಮಗನs! ನಿಮ್ಮಪ್ಪಗೂ ಇಂಥಾ ಬುದ್ಧಿ ಇರಲಿಲ್ಲ."

ಅವರ ಕಣ್ಣಲ್ಲಿ ನೀರು ಬಂದಿತ್ತು. ಇವರು ಬಾಯಿ ತೆರೆದರು. ಅವ್ವನನ್ನು ನೋಡಿದರು, ಓಣಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದ್ದೆ. ಒಡಪು ಹೇಳಿದ ಹೆಂಗಸು ನಾಚಬೇಕಲ್ಲ.

"ಅಂದ್ರ ದೂಡೂದೋ ಬ್ಯಾಡೋ ಸಂಜೀವಣ್ಣಾ?" ಎಂದು ಇಮಾಮಸಾಬ ಕೇಳಿದ.

"ಯಾರ ದೂಡು ಅಂದ್ರೋ ನಿನಗ?" ಎಂದು ಇವರು ಅವನ ಮೇಲೆ ರೇಗಿದರು. "ಬಿಟ್ಟುಕೊಟ್ಟೇನಿ ಅಂತ ಕೇಳಲಿಲ್ಲೇನು?"

ಅಮೇರಿಕಾ ಈಗಲೂ ಅಂಗಳದಲ್ಲೇ ಇದೆ. ಮಧ್ಯಾಹ್ನ ಖಾಜಾಬಿ, ಮದರಬಿ ಅದರ ದಡಿ ಸೀಟಿನಲ್ಲಿ ಕೂತು ಕಾಳು ಹಸನು ಮಾಡುತ್ತಾರೆ, ಭಾಳ ಮೆತ್ತಗಿದೆಯಂತೆ. ಇವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೆಂಡತಿಗೆ ಕುಣಿ ಬಿಟ್ಟುಕೊಟ್ಟ ಕಥೆ ಹೇಳುತ್ತಾರೆ. ಭೀಮೇಶರ ನೀರಿನಂತೆ ಅದೂ ದಿನಕ್ಕೆ ಸ್ವಲ್ಪ ಏರುತ್ತಿದೆ. ಮೊನ್ನೆ ಯಾರೋ ನನ್ನನ್ನೇ ಕೇಳಿದರು, ಖರೇನಾ ಎಂದು. ಹೌದ್ರಿ, ಅವರೇ ಕೊಟ್ಟರು ಎಂದೆ. ಕಾಲು ಮಾತ್ರ ಕುಣಿಯಿಂದ ಮೇಲೆ ತೆಗೆಯಲಿಲ್ಲ.